ಹೊಸ್ತಿಲಿನ ಹೊರಗೆ ನಿಂತವರ ಆರೋಗ್ಯ

ಬಾಗಿಲಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳುಹಿಸಬಾರದೆಂಬುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಪದ್ಧತಿ. ಹಬ್ಬವಿರಲಿ, ಸಾಮಾನ್ಯ ದಿನವಿರಲಿ, ಲಿಂಗಪೂಜೆ ಮುಗಿದ ಮೇಲೆ ಒಂದು ಪಾಲು ಹೊರಗಿನವರಿಗೆ ಸಲ್ಲಬೇಕೆಂದು ನಮ್ಮ ತಾಯಂದಿರು ನಮಗೆ ಕಲಿಸಿದ್ದಾರೆ. ಬಂದು ಕೇಳಿದವರಿಗೆ ಕೊಡುವುದು ನಮಗೆ ಗೊತ್ತು. ಆದರೆ ನಮ್ಮ ಹೊಸ್ತಿಲಿನ ಹೊರಗೇ ನಿಂತು, ಏನನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ಅರಿಯದೆ ಹಿಂದಿರುಗುವವರ ವಿಷಯದಲ್ಲಿ ನಮ್ಮ ಕರ್ತವ್ಯವೇನು? ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟವಳು ಯಾದಗಿರಿ ಜಿಲ್ಲೆಯ ಸುರಪುರದ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು.

ನಾವು ಕೆ.ಆರ್. ಪುರದ ಕಡೆ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಿದ್ದು 2012ರಲ್ಲಿ. ಮೇಸ್ತ್ರಿಯು ಕಾವಲಿಗೆಂದು ಒಂದು ದಂಪತಿಯನ್ನು ತಂದು, ನಿವೇಶನದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿ ಇರಿಸಿದನು. ಗಂಡ ಇಟ್ಟಿಗೆ ಹೊರುತ್ತಿದ್ದ. ಹೆಂಡತಿ ಬೆಳಗ್ಗೆ, ಸಂಜೆ ಹೊಸ ಗೋಡೆಗಳಿಗೆ ನೀರು ಹೊಡೆಯುತ್ತಿದ್ದಳು. ಆಕೆ ತುಂಬು ಬಸುರಿ. ಬಸವ ಜಯಂತಿಯ ದಿನ ನಮ್ಮ ಮನೆಯಿಂದ ಹೋಳಿಗೆ, ತುಪ್ಪ, ಒಂದು ಸೀರೆ ಆ ಶೆಡ್ಡಿಗೆ ಹೋದವು. ಸರ್ಕಾರಿ ಆಸ್ಪತ್ರೆ ಎರಡು ಕಿಲೋಮೀಟರಿನ ಒಳಗೇ ಇತ್ತು. ಹೋಗಿ ತೋರಿಸಿಕೊಂಡು ಬರುತ್ತಿರಬೇಕೆಂದು ನಾವು ಭಾವಿಸಿದೆವು. ಒಂದು ಸಲವೂ ಕೇಳಲಿಲ್ಲ.

ಒಂದು ರಾತ್ರಿ ಹೊಟ್ಟೆನೋವು ಕಾಣಿಸಿಕೊಂಡು ಆಟೋದಲ್ಲಿ ಕರೆದೊಯ್ದಾಗ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ತಾಯಿ ಕಾರ್ಡು. ಅದು ಇರಲಿಲ್ಲ. ಒಂದು ಸಲವೂ ರಕ್ತಪರೀಕ್ಷೆ ಆಗಿರಲಿಲ್ಲ. ಮೈಯಲ್ಲಿ ರಕ್ತ ತೀರಾ ಕಡಿಮೆಯಿದೆ ಎಂದು ಅಲ್ಲಿಂದ ಮತ್ತೊಂದು ಆಸ್ಪತ್ರೆಗೆ ಕಳುಹಿಸಿದರು. ತಾಯಿ ಬದುಕಿಕೊಂಡಳು, ಮಗು ಮೂರನೆಯ ದಿನ ಹೋಯಿತು. ಮರಳಿ ಬಂದ ಮೇಲೆ ಆಸ್ಪತ್ರೆಗೆ ಮೊದಲೇ ಏಕೆ ಹೋಗಲಿಲ್ಲವೆಂದು ನಾವು ಕೇಳಿದೆವು. ಆಕೆ ತಲೆ ತಗ್ಗಿಸಿ, "ಅಲ್ಲಿ ಯಾರ ಹಂತ್ಯಾಕ ಹೋಗಬೇಕೋ, ಏನ ಕೇಳಬೇಕೋ ತಿಳೀಲಿಲ್ರಿ ಅಮ್ಮಾರ" ಎಂದಳು. ಗಂಡ ಒಂದು ಮಾತನ್ನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಾಕ ದಿನದಿಂದ ಗ್ವಾಡಿಗಿ ನೀರ ಹೊಡದಿಲ್ರಿ, ಪೈಪ ಕೊಡ್ರಿ" ಎಂದು ಎದ್ದು ಹೋದನು.

ಆ ಗೋಡೆಗಳ ನಡುವೆಯೇ ನಾವು ಇಂದಿಗೂ ವಾಸಿಸುತ್ತಿದ್ದೇವೆ. ನಮ್ಮ ಹೋಳಿಗೆಯಲ್ಲಿ ಕೊರತೆಯಿರಲಿಲ್ಲ, ಆಸ್ಪತ್ರೆಯೂ ದೂರವಿರಲಿಲ್ಲ. ಆದರೂ ನಡುವೆ ಏನೋ ಒಂದು ತಪ್ಪಿಹೋಗಿತ್ತು. ಅದು ಏನೆಂಬುದನ್ನು ತಿಳಿಯಲು ಹೊರಟಾಗ ಶುಶ್ರೂಷಾ ವಿದ್ಯೆಯ ಪ್ರಾಧ್ಯಾಪಿಕೆಯರು ಕೆಲವರ ಚಿಂತನೆಯೂ, ನಾವು ವಾಸಿಸುವ ಈ ಪೂರ್ವ ಬೆಂಗಳೂರಿನ ಹಳೆಯ ಚರಿತ್ರೆಯೂ ನಮಗೆ ದಾರಿ ತೋರಿಸಿದವು. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ವಲಸೆ ಬಂದವರಿಂದಲೇ ಬೆಳೆದ ದಂಡು

ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ದಂಡು ಎಂದೇ ಕರೆಯುತ್ತಿದ್ದರು. 1809ರ ಸುಮಾರಿಗೆ ಶ್ರೀರಂಗಪಟ್ಟಣದಿಂದ ಬ್ರಿಟಿಷರ ಸೈನ್ಯವು ಹಲಸೂರಿನ ಬಳಿಗೆ ಬಂದು ಬೀಡುಬಿಟ್ಟಿತು. ಸೈನ್ಯದ ಬೆನ್ನಿಗೆ ತಮಿಳು ಸೀಮೆಯಿಂದ ಕೂಲಿಗಳು, ಗುತ್ತಿಗೆದಾರರು, ಅಡುಗೆಯವರು, ಅಗಸರು ಬಂದರು. ತೆಲುಗರು ಬಂದರು, ದಖನಿ ಮಾತನಾಡುವ ಮುಸಲ್ಮಾನರು ಬಂದರು, ಕಛ್ ಪ್ರಾಂತದ ವರ್ತಕರು ಬಂದರು. ಇಂದಿನ ಶಿವಾಜಿನಗರ, ಹಲಸೂರು, ಪುಲಿಕೇಶಿನಗರಗಳ ಬೀದಿಗಳಲ್ಲಿ ಇಷ್ಟೊಂದು ಭಾಷೆಗಳು ಕೇಳಿಬರುವುದು ಇದೇ ಕಾರಣದಿಂದ. ಒಂದೆರಡು ತಲೆಮಾರುಗಳ ಹಿಂದಕ್ಕೆ ಹೋದರೆ ಇಲ್ಲಿನ ಬಹುತೇಕ ಮನೆಗಳು ಬೇರೆ ಊರಿನಿಂದ ಬಂದವೇ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಧಾರವಾಡಗಳಿಂದ ಉದ್ಯೋಗವನ್ನರಸಿ ಬಂದು ಇಂದಿರಾನಗರ, ಕೆ.ಆರ್. ಪುರಗಳಲ್ಲಿ ನೆಲೆಸಿದ ನಮ್ಮ ಸಮಾಜದವರೂ ಇದಕ್ಕೆ ಹೊರತಲ್ಲ.

ಹೀಗೆ ಬಂದವರ ಕಾಯಿಲೆ ಕಸಾಲೆಗಳನ್ನು ನೋಡಿಕೊಳ್ಳುವ ಪ್ರಶ್ನೆ ಬಹಳ ಹಿಂದೆಯೇ ಎದ್ದಿತು. 1868ರಲ್ಲಿ ದಂಡಿನಲ್ಲಿ ಸಾರ್ವಜನಿಕ ಆಸ್ಪತ್ರೆಯೊಂದು ಆರಂಭವಾಯಿತು. ಅದೇ ಮುಂದೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರನ್ನು ಪಡೆದು, ಲೇಡಿ ಕರ್ಜನ್ ಆಸ್ಪತ್ರೆಯೊಡನೆ ಸೇರಿ ಇಂದಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಾಯಿತು. ಆಸ್ಪತ್ರೆ ತೆರೆದುದಾಯಿತು, ಬಾಗಿಲು ಎಲ್ಲರಿಗೂ ಒಂದೇ. ಆದರೆ ಗೋಷಾ ಪದ್ಧತಿಯನ್ನು ಪಾಲಿಸುತ್ತಿದ್ದ ಸ್ತ್ರೀಯರು ಪರಪುರುಷರ ಎದುರಿಗೆ ಬರಲೊಲ್ಲದೆ ಮನೆಯಲ್ಲೇ ನರಳುತ್ತಿದ್ದರು. ಅವರ ಪಾಲಿಗೆ ತೆರೆದ ಬಾಗಿಲೂ ಮುಚ್ಚಿದ ಬಾಗಿಲೇ ಆಗಿತ್ತು.

ಇದನ್ನು ಕಂಡವರು ದಂಡಿನ ಪ್ರಸಿದ್ಧ ವರ್ತಕರಾದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರು. ಕಛ್ ಮೂಲದ ಮೇಮನ್ ಮನೆತನಕ್ಕೆ ಸೇರಿದ ಅವರು ಶಿವಾಜಿನಗರದಲ್ಲಿ ಸ್ತ್ರೀಯರಿಗಾಗಿಯೇ ಆಸ್ಪತ್ರೆಯೊಂದನ್ನು ಕಟ್ಟಿಸಿಕೊಟ್ಟರು. ಅದೇ ಇಂದಿಗೂ ಜನರು ಗೋಷಾ ಆಸ್ಪತ್ರೆ ಎಂದು ಕರೆಯುವ ಹೆರಿಗೆ ಆಸ್ಪತ್ರೆ. ಆ ಹೆಸರಿನಲ್ಲಿಯೇ ಒಂದು ದೊಡ್ಡ ಪಾಠವಿದೆ. ಹೆಂಗಸರು ಏಕೆ ಬರುತ್ತಿಲ್ಲವೆಂದು ಅವರನ್ನು ದೂರುವ ಬದಲು, ಅವರು ಬರಲು ಸಾಧ್ಯವಾಗುವಂತೆ ಆಸ್ಪತ್ರೆಯೇ ತನ್ನ ರೂಪವನ್ನು ಬದಲಿಸಿಕೊಂಡಿತು. ಮುಂದೆ ಹಲವಾರು ಜಾತಿ, ಮತಗಳ ತಾಯಂದಿರು ಅಲ್ಲಿ ಹೆತ್ತು ಮಡಿಲು ತುಂಬಿಕೊಂಡು ಮನೆಗೆ ಹೋದರು.

ಪ್ಲೇಗಿನ ಕಾಲದ ಪಾಠ

ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸಿದ್ದು ಪ್ಲೇಗು. 1898ರ ಆಗಸ್ಟ್ ತಿಂಗಳಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವರ ಮೂಲಕ ಈ ಮಹಾಮಾರಿಯು ಬೆಂಗಳೂರನ್ನು ಹೊಕ್ಕಿತೆಂದು ಅಂದಿನ ದಾಖಲೆಗಳು ಹೇಳುತ್ತವೆ. ಸಾವಿರಾರು ಜನ ಸತ್ತರು, ಇನ್ನೂ ಹೆಚ್ಚು ಜನ ಊರು ಬಿಟ್ಟರು. ರೋಗವು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಅದೇ ವರ್ಷ ಕಂಡುಹಿಡಿದಿದ್ದರೂ, ಆ ತಿಳುವಳಿಕೆ ಎಲ್ಲೆಡೆ ಒಪ್ಪಿಗೆಯಾಗಲು ಇನ್ನೂ ಹಲವು ವರ್ಷಗಳು ಹಿಡಿದವು. ಹೀಗಾಗಿ ಅಧಿಕಾರಿಗಳ ಸಂಶಯವೆಲ್ಲವೂ ಮನುಷ್ಯರ ಮೇಲೆಯೇ ಬಿದ್ದಿತು. ಹೊರಗಿನಿಂದ ಬಂದವರನ್ನು ರೈಲು ನಿಲ್ದಾಣಗಳಲ್ಲಿ ತಡೆದರು. ರೋಗಿಗಳನ್ನೂ, ಅವರ ಮನೆಯವರನ್ನೂ ಊರಾಚೆಯ ಶಿಬಿರಗಳಿಗೆ ಸಾಗಿಸಿದರು. ಇದರಿಂದ ಹೆದರಿದ ಜನರು ಕಾಯಿಲೆಯನ್ನೇ ಮುಚ್ಚಿಡತೊಡಗಿದರು. ರೋಗಕ್ಕೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಬೇಕಿರಲಿಲ್ಲ.

ಪ್ಲೇಗಿನಿಂದ ನಗರಕ್ಕೆ ಒಳಿತೂ ಆಯಿತು. ಊರಿನ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ದಂಡಿನ ಕಡೆ ಬ್ರಿಟಿಷ್ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರಿನಲ್ಲಿ, ಗಾಳಿ ಬೆಳಕುಗಳು ಧಾರಾಳವಾಗಿ ಬರುವ ಫ್ರೇಜರ್ ಟೌನ್ ಎದ್ದಿತು. ಇಂದಿನ ಪುಲಿಕೇಶಿನಗರವೇ ಅದು. ಆದರೆ ಹೊಸ ಬಡಾವಣೆಗಳಿಗೆ ಹೋಗಲು ಶಕ್ತಿಯಿದ್ದವರು ಹೋದರು, ದಿನಗೂಲಿಯವರು ಹಳೆಯ ಇಕ್ಕಟ್ಟಿನ ಕೇರಿಗಳಲ್ಲಿಯೇ ಉಳಿದರು. ಒಂದು ನಗರವು ಆರೋಗ್ಯವನ್ನು ಕಟ್ಟುವಾಗ ಯಾರನ್ನು ಎಣಿಕೆಗೆ ತೆಗೆದುಕೊಳ್ಳುತ್ತದೆ, ಯಾರನ್ನು ಬಿಟ್ಟುಬಿಡುತ್ತದೆ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಹಾಗೆಯೇ ನಿಂತಿದೆ. 2020ರ ಕೊರೊನಾ ಕಾಲದಲ್ಲಿ, ಮಾರ್ಚ್ 25ರಿಂದ ದೇಶವೆಲ್ಲ ಸ್ತಬ್ಧವಾದಾಗ, ಗಂಟುಮೂಟೆಗಳನ್ನು ಹೊತ್ತು ರಸ್ತೆಗಿಳಿದವರನ್ನು ಕಂಡು ನಾವೆಲ್ಲ ಮರುಗಿದೆವು. ನಮ್ಮ ಮನೆಗಳನ್ನೂ, ಕಚೇರಿಗಳನ್ನೂ ಕಟ್ಟಿದ ಅಷ್ಟೊಂದು ಮಂದಿ ನಮ್ಮ ನಡುವೆಯೇ ಇದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ ಅವರು ಹೊರಟು ನಿಂತಾಗ.

ಶುಶ್ರೂಷೆಯ ವಿದ್ಯೆ ಹೇಳುವುದೇನು?

ಅಪರಿಚಿತ ಊರಿನಲ್ಲಿ ಕಾಯಿಲೆ ಬಿದ್ದವರ ಕಷ್ಟವನ್ನು ಆಳವಾಗಿ ಅಭ್ಯಾಸ ಮಾಡಿದವರಲ್ಲಿ ನರ್ಸುಗಳೇ ಮೊದಲಿಗರೆಂದರೆ ತಪ್ಪಾಗಲಾರದು. ವೈದ್ಯರು ರೋಗಿಯನ್ನು ಆಸ್ಪತ್ರೆಯಲ್ಲಿ ಕಂಡರೆ, ನರ್ಸುಗಳು ಅವರನ್ನು ಮನೆಯಲ್ಲಿಯೂ ಕಂಡರು. 1893ರಲ್ಲಿ ನ್ಯೂಯಾರ್ಕ್ ನಗರದ ಪೂರ್ವ ಭಾಗದಲ್ಲಿ ಲಿಲಿಯನ್ ವಾಲ್ಡ್ ಎಂಬ ತರುಣ ನರ್ಸು ವಲಸೆ ಬಂದ ಬಡ ಸ್ತ್ರೀಯರಿಗೆ ಗೃಹಶುಶ್ರೂಷೆಯ ಪಾಠ ಹೇಳುತ್ತಿದ್ದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಬಂದು ಅವರನ್ನು ಕೈಹಿಡಿದು ತನ್ನ ಮನೆಗೆ ಕರೆದೊಯ್ದಳು. ಹೆರಿಗೆಯಾದ ತಾಯಿ ಕೊಳಕಾದ ಹಾಸಿಗೆಯ ಮೇಲೆ ರಕ್ತಸ್ರಾವದಿಂದ ಬಿದ್ದಿದ್ದಳು. ಹಣ ಕೊಡಲಾಗದ ಕಾರಣ ವೈದ್ಯರು ನಡುವೆಯೇ ಬಿಟ್ಟುಹೋಗಿದ್ದರು. ವಾಲ್ಡ್ ಅವರು ಆ ಕೇರಿಯಲ್ಲಿಯೇ ಮನೆ ಮಾಡಿ, ಮನೆಮನೆಗೆ ಹೋಗುವ ನರ್ಸುಗಳ ಪದ್ಧತಿಯನ್ನು ಬೆಳೆಸಿದರು. ಅವರ ಹೆನ್ರಿ ಸ್ಟ್ರೀಟ್ ಕೇಂದ್ರವು ಸಾರ್ವಜನಿಕ ಆರೋಗ್ಯ ಶುಶ್ರೂಷೆಗೆ ಜಗತ್ತಿನಲ್ಲಿಯೇ ಮಾದರಿಯಾಯಿತು. 1907ರಲ್ಲಿ ಅದೇ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಮೇರಿ ಅಡಿಲೇಡ್ ನಟಿಂಗ್ ಅವರು ಶುಶ್ರೂಷಾ ವಿದ್ಯೆಗೆ ಪ್ರಾಧ್ಯಾಪಿಕೆಯಾದರು. ಲೋಕದಲ್ಲಿ ಆ ಸ್ಥಾನವನ್ನು ಪಡೆದ ಮೊದಲ ನರ್ಸು ಅವರೇ.

ಅವರ ಬಳಿಕ ಬಂದ ಪ್ರಾಧ್ಯಾಪಿಕೆಯರಲ್ಲಿ ಇಬ್ಬರ ವಿಚಾರ ನಮಗೆ ವಿಶೇಷವಾಗಿ ಬೇಕಾಗಿದೆ. ಮೊದಲನೆಯವರು 1925ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡ ಮೆಡೆಲಿನ್ ಲೈನಿಂಜರ್. ನರ್ಸಾಗಿದ್ದ ಅವರು ಮಾನವಶಾಸ್ತ್ರವನ್ನೂ ಓದಿ, ನ್ಯೂಗಿನಿಯ ಬೆಟ್ಟಗಳ ಹಳ್ಳಿಗಳಲ್ಲಿ ವಾಸವಿದ್ದು ಬಂದರು. ಆರೈಕೆಯೆಂದರೆ ಏನೆಂಬ ಕಲ್ಪನೆ ಒಂದೊಂದು ಸಂಸ್ಕೃತಿಯಲ್ಲಿ ಒಂದೊಂದು ಬಗೆಯಾಗಿರುತ್ತದೆಂಬುದು ಅವರ ಸಿದ್ಧಾಂತ. ರೋಗಿಯ ಪದ್ಧತಿಗಳಲ್ಲಿ ಒಳ್ಳೆಯದನ್ನು ಉಳಿಸಬೇಕು. ಹೊಂದಿಸಿಕೊಳ್ಳಬಹುದಾದುದನ್ನು ಹೊಂದಿಸಿಕೊಳ್ಳಬೇಕು. ಕೇಡು ಮಾಡುವುದನ್ನು ಅವರೊಡನೆ ಮಾತನಾಡಿ, ಅವರ ಒಪ್ಪಿಗೆಯಿಂದಲೇ ಬದಲಿಸಬೇಕು. ಲೈನಿಂಜರ್ ಅವರು ಹೇಳಿದ ಈ ಮೂರು ದಾರಿಗಳು ನಮ್ಮ ಮನೆಗಳ ಬಾಣಂತನಕ್ಕೂ ಒಪ್ಪುತ್ತವೆ. ಬಾಣಂತಿಗೆ ಎಣ್ಣೆನೀರು, ಬೆಚ್ಚನೆಯ ಕೋಣೆ, ಅಂಟಿನುಂಡೆಗಳು ಇರಲಿ. ಆದರೆ ಹೆತ್ತ ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಪದ್ಧತಿ ಹೋಗಬೇಕು, ಏಕೆಂದರೆ ಮಗುವಿಗೆ ರೋಗಗಳಿಂದ ಮೊದಲ ರಕ್ಷಣೆ ಆ ಹಾಲಿನಿಂದಲೇ ದೊರೆಯುತ್ತದೆ. ಶಿವಾಜಿನಗರದ ಗೋಷಾ ಆಸ್ಪತ್ರೆಯೂ ಈ ಎರಡನೆಯ ದಾರಿಗೆ ಒಂದು ನಿದರ್ಶನವೇ.

ಎರಡನೆಯವರು ಅಫಾಫ್ ಮೆಲೈಸ್. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದ ಇವರ ತಾಯಿಯೂ ನರ್ಸು. ಮಗಳು ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋಗಿ, ತಾವೇ ವಲಸಿಗರಾಗಿ ನೆಲೆಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಿಕೆಯಾಗಿದ್ದು, ಮಧ್ಯಪ್ರಾಚ್ಯ ದೇಶಗಳಿಂದ ಬಂದ ಕುಟುಂಬಗಳ ಆರೋಗ್ಯವನ್ನು ಅಭ್ಯಾಸ ಮಾಡಿದರು. ಬಳಿಕ 2002ರಿಂದ 2014ರವರೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯ ಮುಖ್ಯಸ್ಥೆಯಾಗಿದ್ದರು. ಮನುಷ್ಯನು ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ದಾಟುವ ಕಾಲವೇ ಅವನ ಆರೋಗ್ಯಕ್ಕೆ ಅತ್ಯಂತ ಅಪಾಯದ ಕಾಲವೆಂಬುದು ಅವರ ವಿಚಾರದ ತಿರುಳು. ತಾಯಿಯಾಗುವುದು ಒಂದು ದಾಟು. ರೋಗಿಯಾಗುವುದು, ಆಸ್ಪತ್ರೆಯಿಂದ ಮನೆಗೆ ಮರಳುವುದು ಒಂದೊಂದು ದಾಟು. ಊರು ಬಿಟ್ಟು ಊರಿಗೆ ಬರುವುದೂ ಒಂದು ದಾಟು, ಅದು ಬಸ್ಸು ಇಳಿದ ದಿನವೇ ಮುಗಿಯುವುದಿಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಇಂಥ ಎರಡು ಮೂರು ದಾಟುಗಳು ಒಂದೇ ಕಾಲಕ್ಕೆ ಒಬ್ಬರ ಮೇಲೆ ಬಂದಾಗ ಕೈಹಿಡಿದು ದಾಟಿಸುವವರು ಬೇಕು. ಆ ಕೈಯೇ ನರ್ಸಿನ ಕೈ.

ಇದನ್ನು ಓದಿದಾಗ ಸುರಪುರದ ಆ ಹೆಣ್ಣುಮಗಳ ಮಾತು ನಮಗೆ ಮೊದಲ ಸಲ ಅರ್ಥವಾಯಿತು. ಆಕೆ ಏಕಕಾಲಕ್ಕೆ ಎರಡು ಹೊಳೆಗಳನ್ನು ದಾಟುತ್ತಿದ್ದಳು. ಹಳ್ಳಿಯಲ್ಲಿದ್ದಿದ್ದರೆ ಚೊಚ್ಚಲಿಗೆ ತವರು, ಪಕ್ಕದ ಮನೆಯ ಮುದುಕಿ, ಪರಿಚಯದ ಆಶಾ ಕಾರ್ಯಕರ್ತೆ, ಯಾರಾದರೊಬ್ಬರು ಕೈಹಿಡಿಯುತ್ತಿದ್ದರು. ಇಲ್ಲಿ ಆಕೆಗೆ ಗೊತ್ತಿದ್ದವರು ಮೇಸ್ತ್ರಿ ಮತ್ತು ನಾವು.

ಸಮಾನತೆ ಬೇರೆ, ಸಮತೆ ಬೇರೆ

ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವುದು ಸಮಾನತೆ. ಅವರವರ ಅಗತ್ಯವನ್ನು ಅರಿತು, ಎಲ್ಲರೂ ಒಂದೇ ಮಟ್ಟದ ಆರೋಗ್ಯವನ್ನು ಮುಟ್ಟುವಂತೆ ಕೊಡುವುದು ಸಮತೆ. ಇದು ನಮ್ಮ ಗೃಹಿಣಿಯರಿಗೆ ಹೊಸ ಮಾತೇನೂ ಅಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತರೂ ಹೊಲದಿಂದ ಬಂದವನಿಗೆ ರೊಟ್ಟಿ ಎರಡು ಹೆಚ್ಚು ಬೀಳುತ್ತವೆ, ಹಲ್ಲಿಲ್ಲದ ಅಜ್ಜನಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಾರೆ, ಬಾಣಂತಿಗೆ ಬೇರೆಯೇ ಪಥ್ಯವಿರುತ್ತದೆ. ಅದನ್ನು ಯಾರೂ ಪಕ್ಷಪಾತವೆನ್ನುವುದಿಲ್ಲ.

ಆರೋಗ್ಯದಲ್ಲಿ ಈ ಸಮತೆಯನ್ನು ತರುವುದು ಹೇಗೆಂಬುದಕ್ಕೆ ಪೂರ್ವ ಬೆಂಗಳೂರೇ ಒಂದು ಪರೀಕ್ಷೆಯ ಕಣ. ಕೆ.ಆರ್. ಪುರದಿಂದ ವೈಟ್‌ಫೀಲ್ಡಿನವರೆಗೆ ಕಟ್ಟಡಗಳು ಏಳುತ್ತಿರುವ ಕಡೆಗಳಲ್ಲೆಲ್ಲ ನೀಲಿ ತಗಡಿನ ಶೆಡ್ಡುಗಳಿವೆ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬಂದ ನಮ್ಮ ಕನ್ನಡಿಗರೂ, ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದವರೂ ಅಲ್ಲಿ ವಾಸಿಸುತ್ತಾರೆ. ಕೆ.ಆರ್. ಪುರದಲ್ಲಿ ಸಾರ್ವಜನಿಕ ಆಸ್ಪತ್ರೆಯಿದೆ, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆಯಿದೆ, ಶಿವಾಜಿನಗರದಲ್ಲಿ ಬೌರಿಂಗ್ ಇದೆ. ಆದರೆ ಕಟ್ಟಡ ಮುಗಿದೊಡನೆ ಶೆಡ್ಡು ಏಳುತ್ತದೆ, ಜನರು ಮುಂದಿನ ನಿವೇಶನಕ್ಕೆ ಹೋಗುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಂತೆ ಒಬ್ಬ ಆಶಾ ಕಾರ್ಯಕರ್ತೆಗೆ 200ರಿಂದ 500 ಮನೆಗಳು. ನಿನ್ನೆ ಎದ್ದ ಶೆಡ್ಡು ಅವರ ಪಟ್ಟಿಯಲ್ಲಿ ಇರುವುದೆಂದು ಹೇಳಲಾಗದು. ಪಟ್ಟಿಯಲ್ಲಿ ಸೇರುವ ಹೊತ್ತಿಗೆ ಆ ಶೆಡ್ಡು ಅಲ್ಲಿ ಇರುವುದಿಲ್ಲ.

ಇದರ ಫಲವೇನೆಂಬುದನ್ನು ನೋಡೋಣ. ಮಗುವಿಗೆ ಹುಟ್ಟಿದೊಡನೆ ಹಾಕುವ ಲಸಿಕೆಗಳ ಮೇಲೆ 6, 10, 14ನೆಯ ವಾರಗಳಲ್ಲಿ, ಬಳಿಕ ಒಂಬತ್ತು ತಿಂಗಳಿಗೆ ಮತ್ತೆ ಲಸಿಕೆಗಳಿವೆ. ಆರನೆಯ ವಾರ ಕೆ.ಆರ್. ಪುರದಲ್ಲಿದ್ದ ಮಗು ಹದಿನಾಲ್ಕನೆಯ ವಾರ ಹೊಸಕೋಟೆಯಲ್ಲಿದ್ದರೆ ಸರಪಳಿ ಕಡಿಯುತ್ತದೆ. ಕ್ಷಯರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧಿ ಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಊರಿಗೆ ಹೊರಟವನಿಗೆ ರೋಗ ಮರುಕಳಿಸುತ್ತದೆ, ಮತ್ತೆ ಬಂದಾಗ ಹಳೆಯ ಔಷಧಿಗೆ ಬಗ್ಗದಂತಾಗಿರಬಹುದು. ಬಸುರಿಗೆ ಕಡೆಯ ಪಕ್ಷ ನಾಲ್ಕು ಸಲ ತಪಾಸಣೆಯಾಗಬೇಕು, ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ಸಲ್ಲಬೇಕು. ಇವೆಲ್ಲವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವೇ. ಆದರೆ ಆಸ್ಪತ್ರೆಗೆ ಹೋದ ದಿನದ ಕೂಲಿ ಹೋಗುತ್ತದೆ. ಅದನ್ನು ಉಚಿತವಾಗಿ ಕೊಡುವವರಿಲ್ಲ.

ಆದುದರಿಂದಲೇ ನರ್ಸಿಂಗ್ ಕಾಲೇಜುಗಳಲ್ಲಿ ಸಮುದಾಯ ಆರೋಗ್ಯ ಶುಶ್ರೂಷೆಯೆಂಬುದನ್ನು ಪ್ರತ್ಯೇಕ ವಿಷಯವಾಗಿ ಕಲಿಸುತ್ತಾರೆ. ನಮ್ಮ ನಾಡಿನವರೇ ಆದ ಪ್ರಾಧ್ಯಾಪಕ ಬಿ.ಟಿ. ಬಸವಂತಪ್ಪನವರು ಈ ವಿಷಯದ ಮೇಲೆ ಬರೆದ ಪಠ್ಯಗ್ರಂಥವು ದೇಶದ ಹಲವೆಡೆ ಬಳಕೆಯಲ್ಲಿದೆ. ಮನೆಭೇಟಿಗೆ ಹೊರಟ ವಿದ್ಯಾರ್ಥಿನಿಯ ಚೀಲವನ್ನು ಕಂಡವರಿಗೆ ಆ ವಿದ್ಯೆಯ ಮರ್ಮ ತಿಳಿಯುತ್ತದೆ. ಶೆಡ್ಡಿನ ನೆಲದ ಮೇಲೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿ ಅದರ ಮೇಲೆ ಚೀಲವನ್ನಿಡಬೇಕು. ಮೊದಲು ಸಾಬೂನನ್ನು ತೆಗೆದು ಕೈತೊಳೆದ ಬಳಿಕವೇ ಒಳಗಿನ ಸಾಮಗ್ರಿಗಳನ್ನು ಮುಟ್ಟಬೇಕು. ಆ ಮನೆಯ ಸೋಂಕು ಮತ್ತೊಂದು ಮನೆಗೆ ಹೋಗಬಾರದೆಂಬುದು ಅದರ ಉದ್ದೇಶ. ಆದರೆ ಕೈತೊಳೆಯಲು ನೀರು ಎಲ್ಲಿದೆಯೆಂದು ಕೇಳಿದಾಗಲೇ ಆ ಮನೆಗೆ ನೀರು ಎಲ್ಲಿಂದ ಬರುತ್ತದೆ, ಶೌಚಕ್ಕೆ ಎಲ್ಲಿ ಹೋಗುತ್ತಾರೆ, ಒಲೆಯ ಹೊಗೆ ಎತ್ತ ಹೋಗುತ್ತದೆ ಎಂಬುದೆಲ್ಲವೂ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯ ಮೇಜಿನ ಮುಂದೆ ಕಾಣದ ಕಾಯಿಲೆಯ ಬೇರು ಅಲ್ಲಿ ಕಾಣುತ್ತದೆ.

ಕಲ್ಯಾಣವೂ ವಲಸೆ ಬಂದವರ ಊರು

ಈಗ ನಮ್ಮ ಪರಂಪರೆಯ ಕಡೆಗೆ ಒಮ್ಮೆ ತಿರುಗಿ ನೋಡೋಣ. ಹನ್ನೆರಡನೆಯ ಶತಮಾನದ ಕಲ್ಯಾಣವು ಬಂದವರಿಂದಲೇ ತುಂಬಿದ ಪಟ್ಟಣ. ಮೋಳಿಗೆಯ ಮಾರಯ್ಯ, ಮಹಾದೇವಿ ದಂಪತಿಗಳು ಕಾಶ್ಮೀರದಿಂದ ಬಂದರೆಂದೂ, ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದ ಬಂದರೆಂದೂ, ಆದಯ್ಯನವರು ಸೌರಾಷ್ಟ್ರದವರೆಂದೂ ಪರಂಪರೆ ಹೇಳುತ್ತದೆ. ಬಂದವರು ಯಾರವರೆಂದು ವಿಚಾರಿಸುವ ಮೊದಲೇ ಅವರನ್ನು ನಮ್ಮವರೆಂದು ಬಗೆಯಬೇಕೆಂಬುದು ಬಸವಣ್ಣನವರು ಕಲಿಸಿದ ಪಾಠ. ಆ ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣನೂ ಒಬ್ಬನೆಂಬುದನ್ನು ನಾವು ಮರೆಯಬಾರದು. ರೋಗವನ್ನು ನೋಡಿ ಮದ್ದು ಕೊಡುವುದನ್ನೂ ಶರಣರು ಲಿಂಗಪೂಜೆಗೆ ಸಮನಾದ ಕಾಯಕವೆಂದೇ ಬಗೆದರು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಬಂದದ್ದು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ. ಇಂದು ನಮ್ಮ ಕಟ್ಟಡಗಳಿಗೆ ಇಟ್ಟಿಗೆ ಹೊರುವವರು ಬರುವುದೂ ಅದೇ ಸೀಮೆಯಿಂದ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಬಡವರಿಗೆ ಬೇಕಾದುದು ಕನಿಕರವಲ್ಲವೆಂಬುದನ್ನು ಆ ತಾಯಿ ಎಂಟು ಶತಮಾನಗಳ ಹಿಂದೆಯೇ ತೋರಿಸಿಕೊಟ್ಟಳು.

ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನಮ್ಮ ಹಿರಿಯರು ಮತ್ತೆ ಮತ್ತೆ ಹೇಳಿದ್ದಾರೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ದಾಸನಾದವನು ತನಗೆ ತೋಚಿದ್ದನ್ನು ಕೊಟ್ಟು ಸುಮ್ಮನಾಗಲಾರ, ಎದುರಿಗಿರುವವರಿಗೆ ಬೇಕಾದುದೇನೆಂದು ಕೇಳುತ್ತಾನೆ. ಆ ಬಸವ ಜಯಂತಿಯ ದಿನ ನಮ್ಮ ಮನೆಯಿಂದ ಶೆಡ್ಡಿಗೆ ಹೋದದ್ದು ದಾನವೇ ಹೊರತು ದಾಸೋಹವಲ್ಲ. ಕಬ್ಬಿಣಾಂಶದ ಮಾತ್ರೆ ಬೇಕಾಗಿದ್ದವಳಿಗೆ ನಾವು ಹೋಳಿಗೆಯನ್ನು ಕೊಟ್ಟೆವು.

ನಮ್ಮ ಮನೆಗಳು ಮಾಡಬಹುದಾದುದು

ಸರ್ಕಾರವು ಮಾಡಬೇಕಾದುದು ಬಹಳಷ್ಟಿದೆ. ಆದರೆ ನಾವು ಮಾಡಬಹುದಾದ ಕೆಲಸಗಳಿಗೆ ಹಣಕ್ಕಿಂತ ಹೆಚ್ಚಾಗಿ ಕೇಳುವ ಮನಸ್ಸು ಬೇಕು. ಮನೆಕೆಲಸದವರು, ಕಾವಲಿನವರು, ಕಟ್ಟಡದ ಕೆಲಸದವರು ನಮ್ಮ ಬಳಿಗೆ ಬಂದಾಗ ಸಂಬಳದ ಮಾತಿನ ಜೊತೆಗೆ ಎರಡು ಪ್ರಶ್ನೆಗಳನ್ನು ನಮ್ಮ ಗೃಹಿಣಿಯರು ಕೇಳಲಿ. ಬಸುರಿ, ಬಾಣಂತಿಯರಿದ್ದರೆ ತಾಯಿ ಕಾರ್ಡು ಆಗಿದೆಯೇ? ಮಗುವಿದ್ದರೆ ಲಸಿಕೆಯ ಕಾರ್ಡು ಎಲ್ಲಿದೆ? ಇಲ್ಲವಾದರೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಆರೋಗ್ಯ ಕೇಂದ್ರದ ನರ್ಸನ್ನೋ ಕರೆಸಿ ಪರಿಚಯ ಮಾಡಿಸಲಿ. ಮೊದಲ ಸಲ ಜೊತೆಯಲ್ಲಿ ಹೋಗಿಬರಲಿ. ಆ ದಿನದ ಕೂಲಿಯನ್ನು ಹಿಡಿಯದಿರಲಿ. ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಆ ಅಂಗನವಾಡಿ ಯಾವ ಬೀದಿಯಲ್ಲಿದೆಯೆಂಬುದು ಹೊಸದಾಗಿ ಬಂದವರಿಗೆ ತಿಳಿಯದು, ನಮಗೆ ತಿಳಿದಿರುತ್ತದೆ.

ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆಗೆ ಕಳುಹಿಸೋಣ. ಕ್ಷಯರೋಗಿಯ ಹೆಸರು ನಿಕ್ಷಯ್ ದಾಖಲೆಗೆ ಸೇರಿದರೆ ಆತ ದೇಶದ ಯಾವ ಊರಿಗೆ ಹೋದರೂ ಅಲ್ಲಿಯೇ ಔಷಧಿಯನ್ನು ಮುಂದುವರಿಸಲು ಸಾಧ್ಯವಿದೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿದ್ದುದು 2024ರ ನವೆಂಬರಿನಿಂದ 1000 ರೂಪಾಯಿಯಾಗಿದೆ. ಆದುದರಿಂದ ಊರಿಗೆ ಹೊರಟವನಿಗೆ ದಾಖಲೆಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಅದೊಂದು ಜೀವ ಉಳಿಸುವ ಕೆಲಸ.

ನಾವು ಮನೆ ಕಟ್ಟಿಸಿದ ಕಾಲದಲ್ಲಿ, 1996ರ ಕಾಯ್ದೆಯಂತೆ, ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ಸನ್ನು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಿದ್ದೆವು. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡಿದ್ದರೆ ಹೆರಿಗೆಗೂ, ಚಿಕಿತ್ಸೆಗೂ ನೆರವು ದೊರೆಯುತ್ತಿತ್ತು. ಹಣ ಕಟ್ಟಿದ ರಸೀದಿಯನ್ನು ನಾವು ಜೋಪಾನವಾಗಿ ತೆಗೆದಿಟ್ಟೆವು. ನಮ್ಮ ಗೋಡೆಗೆ ನೀರು ಹೊಡೆದವಳ ಹೆಸರು ಆ ಮಂಡಳಿಯಲ್ಲಿ ಇದೆಯೇ ಎಂದು ಮಾತ್ರ ಕೇಳಲಿಲ್ಲ. ಮನೆ ಕಟ್ಟಿಸುವ ಬಂಧುಗಳು ಮೇಸ್ತ್ರಿಯೊಡನೆ ಕರಾರು ಮಾಡಿಕೊಳ್ಳುವಾಗಲೇ ಕೆಲಸದವರ ನೋಂದಣಿಯ ಮಾತನ್ನೂ ಸೇರಿಸಬೇಕೆಂದು ನಾವು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಕೊನೆಯದಾಗಿ, ಪಾಲಕರಲ್ಲಿ ಒಂದು ವಿನಂತಿ. ಮಗಳು ಡಾಕ್ಟರಾಗಲಿ, ಇಂಜಿನಿಯರಾಗಲಿ ಎಂದು ಹಾರೈಸುವ ನಮ್ಮ ಮನೆಗಳಲ್ಲಿ ನರ್ಸಾಗುತ್ತೇನೆಂದರೆ ಮುಖ ಸಪ್ಪಗಾಗುತ್ತದೆ. ಪರರ ಮಲಮೂತ್ರ ತೆಗೆಯುವ ಕೆಲಸವೆಂಬ ಕೀಳರಿಮೆ ಇನ್ನೂ ಹೋಗಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಪ್ರತಿ ವರ್ಷವೂ ಬಸವ ಜಯಂತಿಯಲ್ಲಿ ಭಾಷಣ ಮಾಡುವ ನಾವು ಮದುವೆಯ ಮಾತುಕತೆಯಲ್ಲಿ ಅದನ್ನು ಮರೆಯುತ್ತೇವೆ. ಮೈಸೂರಿನಲ್ಲಿ ಜೆ.ಎಸ್.ಎಸ್., ಬೆಳಗಾವಿಯಲ್ಲಿ ಕೆ.ಎಲ್.ಇ., ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗಳು ನರ್ಸಿಂಗ್ ಕಾಲೇಜುಗಳನ್ನು ನಡೆಸುತ್ತಿವೆ. ಸಮಾಜವೇ ಕಟ್ಟಿದ ಈ ಕಾಲೇಜುಗಳಿಗೆ ನಮ್ಮ ಹೆಣ್ಣುಮಕ್ಕಳನ್ನೂ, ಗಂಡುಮಕ್ಕಳನ್ನೂ ಹೆಮ್ಮೆಯಿಂದ ಕಳುಹಿಸೋಣ. ಸುರಪುರದ ಮಾತು ತಿಳಿಯುವ ಒಬ್ಬ ನರ್ಸು ಆ ದಿನ ಆ ಶೆಡ್ಡಿಗೆ ಬಂದು, "ಏನವ್ವ, ಎಷ್ಟ ತಿಂಗಳಾತು?" ಎಂದು ಕೇಳಿದ್ದರೆ, ಇಂದು ಆ ಮಗು ಶಾಲೆಗೆ ಹೋಗುತ್ತಿತ್ತು.

ಮನೆಯ ಕೆಲಸ ಮುಗಿದು ಗೃಹಪ್ರವೇಶವಾದ ಮರುದಿನ ಆ ದಂಪತಿಗಳು ಶೆಡ್ಡಿನ ತಗಡುಗಳೊಡನೆ ಮೇಸ್ತ್ರಿಯ ಲಾರಿಯನ್ನೇರಿ ಮುಂದಿನ ನಿವೇಶನಕ್ಕೆ ಹೊರಟುಹೋದರು. ಅವರು ಎಲ್ಲಿದ್ದಾರೋ ನಮಗೆ ತಿಳಿಯದು. ಈಚೆಗೆ ನಮ್ಮ ಬೀದಿಯ ಕೊನೆಯಲ್ಲಿ ಮತ್ತೊಂದು ಮನೆಗೆ ಪಾಯ ತೋಡಿದ್ದಾರೆ, ತಗಡಿನ ಶೆಡ್ಡು ಎದ್ದಿದೆ. ಅಲ್ಲೊಬ್ಬಳು ತಾಯಿ, ಕಂಕುಳಲ್ಲಿ ಕೂಸು. ಈ ಸಲ ನಮ್ಮ ಮನೆಯವರು ಬುತ್ತಿಯನ್ನು ಒಯ್ಯುವ ಮೊದಲು ಲಸಿಕೆಯ ಕಾರ್ಡನ್ನು ಕೇಳಿಬಂದಿದ್ದಾರೆ. ಒಂಬತ್ತು ತಿಂಗಳ ಲಸಿಕೆ ಬಾಕಿಯಿದೆಯಂತೆ. ಗುರುವಾರ ಜೊತೆಯಲ್ಲಿ ಹೋಗುವುದೆಂದು ಗೊತ್ತಾಗಿದೆ.